ಪೂರಕ ಆಮ್ಲಜನಕವನ್ನು ಅವಲಂಬಿಸಿರುವವರ ವಿಮಾನ ಪ್ರಯಾಣ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಶ್ವಾಸಕೋಶ ಅಥವಾ ಹೃದಯದ ಕಾಯಿಲೆಯಿಂದಾಗಿ ವೈದ್ಯರ ಸಲಹೆಯಂತೆ ಪೂರಕ ಆಮ್ಲಜನಕವನ್ನು ಪಡೆಯುತ್ತಿರುವ ವ್ಯಕ್ತಿಗಳು ಸೂಕ್ತ ಸಿದ್ಧತೆಯೊಂದಿಗೆ ವಿಮಾನದಲ್ಲಿ ಪ್ರಯಾಣಿಸಬಹುದಾಗಿದೆ. ಆದರೆ ಟಿಕೆಟ್ ಖರೀದಿಸಿದ ಮಾತ್ರಕ್ಕೆ ಆಮ್ಲಜನಕದ ಉಪಕರಣದೊಂದಿಗೆ ಪ್ರಯಾಣಿಸಲು ಅನುಮತಿ ದೊರೆತಂತಾಗುವುದಿಲ್ಲ. ಸದರಿ ಅನುಮತಿಯನ್ನು ಪ್ರತ್ಯೇಕವಾಗಿ, ಮುಂಚಿತವಾಗಿ ಹಾಗೂ ಲಿಖಿತವಾಗಿ ಪಡೆಯತಕ್ಕದ್ದು.

2021ರ ಕೋವಿಡ್ ಎರಡನೇ ಅಲೆಯ ನಂತರ ಆಕ್ಸಿಜನ್ ಕಾನ್ಸಂಟ್ರೇಟರ್ ಮತ್ತು ಪಲ್ಸ್ ಆಕ್ಸಿಮೀಟರ್‌ಗಳು ಅನೇಕ ಮನೆಗಳಲ್ಲಿ ಪರಿಚಿತ ವಸ್ತುಗಳಾಗಿವೆ. ಆದರೆ ಮನೆಯಲ್ಲಿ ಬಳಸುವ ಉಪಕರಣವನ್ನೇ ವಿಮಾನದಲ್ಲಿಯೂ ಬಳಸಬಹುದೆಂಬ ತಿಳುವಳಿಕೆ ಸರಿಯಲ್ಲ. ಚೆಕ್-ಇನ್ ಕೌಂಟರಿನಲ್ಲಿ ಸಿಲಿಂಡರನ್ನು ತಡೆಹಿಡಿದಾಗ ಅಥವಾ ವಿಮಾನ ತಡವಾಗಿ ಬ್ಯಾಟರಿ ಮುಗಿದಾಗ ತೊಂದರೆಗೆ ಒಳಗಾಗುವವರು ರೋಗಿಯೇ ಆಗಿರುತ್ತಾರೆ. ಆದ್ದರಿಂದ ಪ್ರಯಾಣಿಕರು ಮತ್ತು ಅವರ ಕುಟುಂಬದವರು ಈ ಕೆಳಕಂಡ ಮಾಹಿತಿಯನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಓದಿಕೊಳ್ಳಬೇಕಾಗಿ ಕೋರಲಾಗಿದೆ.

1. ಈ ಮಾಹಿತಿಯು ಯಾರಿಗೆ ಅನ್ವಯಿಸುತ್ತದೆ

ಅ) ಮನೆಯಲ್ಲಿ ದಿನದ ಕೆಲವು ಗಂಟೆ ಅಥವಾ ದಿನವಿಡೀ ಆಮ್ಲಜನಕ ಪಡೆಯುತ್ತಿರುವವರು.

ಆ) ರಾತ್ರಿ ನಿದ್ರೆಯಲ್ಲಿ ಅಥವಾ ನಡೆಯುವಾಗ ಮಾತ್ರ ಆಮ್ಲಜನಕ ಬಳಸುವವರು.

ಇ) ಈಗ ಆಮ್ಲಜನಕ ಬಳಸದಿದ್ದರೂ ಸಿ.ಒ.ಪಿ.ಡಿ., ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ ಕಾಯಿಲೆ ಅಥವಾ ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡ ಇರುವವರು. ಇಂತಹವರಿಗೆ ನೆಲದ ಮೇಲೆ ಬೇಡವಾದ ಆಮ್ಲಜನಕ ಹಾರಾಟದ ವೇಳೆ ಬೇಕಾಗಬಹುದು.

2. ವಿಮಾನದೊಳಗಿನ ಗಾಳಿಯ ಸ್ಥಿತಿ

ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 30,000 ಅಡಿಗೂ ಹೆಚ್ಚು ಎತ್ತರದಲ್ಲಿ ಹಾರುತ್ತವೆ. ಒಳಗಿನ ಗಾಳಿಯನ್ನು ಒತ್ತಡಕ್ಕೆ ಒಳಪಡಿಸಲಾಗುತ್ತದೆಯಾದರೂ ಅದು ಸಮುದ್ರಮಟ್ಟದ ಒತ್ತಡಕ್ಕೆ ಸಮನಾಗಿರುವುದಿಲ್ಲ. ಸಾಮಾನ್ಯ ಹಾರಾಟದಲ್ಲಿ ಒಳಗಿನ ಒತ್ತಡವು ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರಬಹುದು. ಊಟಿಯು ಸುಮಾರು 2,240 ಮೀಟರ್ ಎತ್ತರದಲ್ಲಿದೆ ಎಂಬುದನ್ನು ನೆನೆದರೆ ಈ ಸ್ಥಿತಿಯ ಅಂದಾಜು ದೊರೆಯುತ್ತದೆ. ಬೋಯಿಂಗ್ 787 ಮತ್ತು ಏರ್‌ಬಸ್ ಎ350ರಂತಹ ಹೊಸ ಮಾದರಿಗಳಲ್ಲಿ ಇದನ್ನು ಸುಮಾರು 6,000 ಅಡಿಗೆ ಸೀಮಿತಗೊಳಿಸಲಾಗಿದೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 21ರಷ್ಟೇ ಇರುತ್ತದೆ, ಆದರೆ ಒತ್ತಡ ಕಡಿಮೆಯಾಗುವುದರಿಂದ ರಕ್ತಕ್ಕೆ ಸೇರುವ ಆಮ್ಲಜನಕ ಕುಗ್ಗುತ್ತದೆ. 8,000 ಅಡಿಯಲ್ಲಿ ಉಸಿರಾಡುವುದು, ಸಮುದ್ರಮಟ್ಟದಲ್ಲಿ ಸುಮಾರು ಶೇ. 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಉಸಿರಾಡುವುದಕ್ಕೆ ಸಮ. ಆರೋಗ್ಯವಂತರಿಗೆ ಇದು ಅರಿವಿಗೇ ಬರುವುದಿಲ್ಲ. ಮೊದಲೇ ಕಡಿಮೆ ಮಟ್ಟದಲ್ಲಿರುವ ರೋಗಿಯಲ್ಲಿ ಇದೇ ಇಳಿಕೆ ಉಸಿರುಕಟ್ಟುವಿಕೆ, ಎದೆನೋವು, ಗೊಂದಲ ಅಥವಾ ಪ್ರಜ್ಞೆ ತಪ್ಪುವಿಕೆಗೆ ಕಾರಣವಾಗಬಹುದು.

3. ವೈದ್ಯಕೀಯ ತಪಾಸಣೆ

ಪ್ರಯಾಣಕ್ಕೆ ಕನಿಷ್ಠ ಮೂರು ನಾಲ್ಕು ವಾರಗಳ ಮುಂಚೆ ಚಿಕಿತ್ಸೆ ನೀಡುತ್ತಿರುವ ಶ್ವಾಸಕೋಶ ತಜ್ಞರನ್ನು ಅಥವಾ ಹೃದ್ರೋಗ ತಜ್ಞರನ್ನು ಕಾಣುವುದು ಸೂಕ್ತ. ವೈದ್ಯರಿಂದ ಈ ಕೆಳಕಂಡ ಅಂಶಗಳನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು:

ಅ) ಈಗಿನ ಸ್ಥಿತಿಯಲ್ಲಿ ವಿಮಾನ ಪ್ರಯಾಣ ಸೂಕ್ತವೇ.

ಆ) ಹಾರಾಟದ ಪೂರ್ಣ ಅವಧಿಗೆ ಆಮ್ಲಜನಕ ಬೇಕೇ, ಅಥವಾ ಅಗತ್ಯ ಕಂಡಾಗ ಮಾತ್ರವೇ.

ಇ) ನಿಮಿಷಕ್ಕೆ ಎಷ್ಟು ಲೀಟರ್ ಬೇಕು. ಮನೆಯಲ್ಲಿ ಆಮ್ಲಜನಕ ಪಡೆಯುತ್ತಿರುವವರಿಗೆ ಹಾರಾಟದ ವೇಳೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸತಕ್ಕದ್ದು. ರೋಗಿಯು ಸ್ವತಃ ಹೆಚ್ಚಿಸಿಕೊಳ್ಳಬಾರದು. ಕೆಲವು ಸಿ.ಒ.ಪಿ.ಡಿ. ರೋಗಿಗಳಲ್ಲಿ ಅತಿಯಾದ ಆಮ್ಲಜನಕವೂ ಅಪಾಯಕಾರಿ.

ಅನುಮಾನವಿರುವ ಸಂದರ್ಭದಲ್ಲಿ ವೈದ್ಯರು ಹೈಪಾಕ್ಸಿಕ್ ಚಾಲೆಂಜ್ ಪರೀಕ್ಷೆಯನ್ನು ಸೂಚಿಸಬಹುದು. ಇದರಲ್ಲಿ ಆಸ್ಪತ್ರೆಯಲ್ಲಿಯೇ, ವೈದ್ಯರ ನಿಗಾದಲ್ಲಿ, ಶೇ. 15ರಷ್ಟು ಆಮ್ಲಜನಕವಿರುವ ಗಾಳಿಯನ್ನು ಸುಮಾರು 20 ನಿಮಿಷ ಉಸಿರಾಡಿಸಿ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಅಳೆಯಲಾಗುತ್ತದೆ. ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2011ರ ಶಿಫಾರಸಿನಂತೆ ಈ ಪರೀಕ್ಷೆಯಲ್ಲಿ ಮಟ್ಟವು ಶೇ. 85ಕ್ಕಿಂತ ಕೆಳಗಿಳಿದಲ್ಲಿ ಹಾರಾಟದ ವೇಳೆ ಆಮ್ಲಜನಕ ನೀಡುವುದು ಅಗತ್ಯ. ಮನೆಯ ಆಕ್ಸಿಮೀಟರಿನಲ್ಲಿ ಅಂಕಿ ಚೆನ್ನಾಗಿದೆ ಎಂಬ ಒಂದೇ ಕಾರಣದಿಂದ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಆ ಅಂಕಿಯು ನೆಲದ ಮೇಲಿನದಾಗಿರುತ್ತದೆ.

ಗಮನಿಸಿ: ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿರುವ ಸ್ಥಿತಿ ವಾಸಿಯಾಗುವವರೆಗೆ ವಿಮಾನ ಏರಬಾರದು. ಎತ್ತರದಲ್ಲಿ ಆ ಗಾಳಿ ಹಿಗ್ಗುವುದರಿಂದ ಪ್ರಾಣಾಪಾಯ ಉಂಟಾಗಬಹುದು.

4. ಯಾವ ಉಪಕರಣಕ್ಕೆ ಅವಕಾಶವಿದೆ

ಆಮ್ಲಜನಕವು ತಾನಾಗಿ ಉರಿಯುವುದಿಲ್ಲ, ಆದರೆ ಹೊತ್ತಿಕೊಂಡ ಬೆಂಕಿಯನ್ನು ಬಹಳ ತೀವ್ರಗೊಳಿಸುತ್ತದೆ. 1996ರ ಮೇ 11ರಂದು ಅಮೆರಿಕದ ಫ್ಲೋರಿಡಾದಲ್ಲಿ ವ್ಯಾಲ್ಯೂಜೆಟ್ ಸಂಸ್ಥೆಯ 592ನೇ ವಿಮಾನದ ಸರಕು ವಿಭಾಗದಲ್ಲಿ ಸಾಗಿಸಲಾಗುತ್ತಿದ್ದ ರಾಸಾಯನಿಕ ಆಮ್ಲಜನಕ ಜನರೇಟರ್‌ಗಳಿಂದ ಬೆಂಕಿ ಹೊತ್ತಿ ವಿಮಾನವು ಪತನಗೊಂಡಿತು. ಅದರಲ್ಲಿದ್ದ 110 ಮಂದಿಯೂ ಮೃತಪಟ್ಟರು. ಆಮ್ಲಜನಕದ ಸಾಗಣೆಯ ಬಗ್ಗೆ ನಿಯಮಗಳು ಕಟ್ಟುನಿಟ್ಟಾಗಿರುವುದು ಇಂತಹ ಅಪಾಯಗಳ ಕಾರಣದಿಂದಲೇ ಹೊರತು ರೋಗಿಗಳಿಗೆ ತೊಂದರೆ ಕೊಡಲು ಅಲ್ಲ.

ಅ) ಅನಿಲ ತುಂಬಿದ ಸಿಲಿಂಡರ್: ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಅಪಾಯಕಾರಿ ವಸ್ತುಗಳ ನಿಯಮಗಳಂತೆ, ವೈದ್ಯಕೀಯ ಬಳಕೆಯ ಸಿಲಿಂಡರಿನ ಒಟ್ಟು ತೂಕ 5 ಕಿಲೋಗ್ರಾಂ ಮೀರಬಾರದು ಹಾಗೂ ವಿಮಾನ ಸಂಸ್ಥೆಯ ಅನುಮತಿ ಇರಲೇಬೇಕು. ಮನೆಗಳಲ್ಲಿ ಬಾಡಿಗೆಗೆ ತರುವ ‘ಬಿ’ ಮಾದರಿಯ ಸಿಲಿಂಡರ್ ಈ ಮಿತಿಯನ್ನು ಬಹಳವಾಗಿ ಮೀರುತ್ತದೆ. ಮಿತಿಯೊಳಗಿನ ಸಿಲಿಂಡರನ್ನೂ ಅನೇಕ ಸಂಸ್ಥೆಗಳು ಒಪ್ಪುವುದಿಲ್ಲ.

ಆ) ದ್ರವರೂಪದ ಆಮ್ಲಜನಕ: ಪ್ರಯಾಣಿಕರು ಒಯ್ಯುವುದನ್ನು ಪೂರ್ಣವಾಗಿ ನಿಷೇಧಿಸಲಾಗಿದೆ.

ಇ) ಮನೆಯ ದೊಡ್ಡ ಕಾನ್ಸಂಟ್ರೇಟರ್: ಇದು ಗೋಡೆಯ ವಿದ್ಯುತ್ತಿನಿಂದ ನಡೆಯುವುದರಿಂದ ಹಾರಾಟದ ವೇಳೆ ಬಳಸಲಾಗುವುದಿಲ್ಲ. ಇದರಲ್ಲಿ ಅನಿಲದ ಸಂಗ್ರಹವಿಲ್ಲದ ಕಾರಣ ಸಂಸ್ಥೆಯ ಷರತ್ತುಗಳಿಗೆ ಒಳಪಟ್ಟು ಲಗೇಜಿನಲ್ಲಿ ಕಳುಹಿಸಬಹುದು.

ಈ) ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಪಿ.ಒ.ಸಿ.: ಇದು ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರ. ಸುತ್ತಲಿನ ಗಾಳಿಯಲ್ಲಿರುವ ಸಾರಜನಕವನ್ನು ಜಿಯೊಲೈಟ್ ಎಂಬ ಖನಿಜದಿಂದ ಹಿಡಿದಿಟ್ಟು ಆಮ್ಲಜನಕವನ್ನು ಮೂಗಿನ ನಳಿಕೆಗೆ ಕಳುಹಿಸುತ್ತದೆ. ವಿಮಾನದೊಳಗೆ ಪ್ರಯಾಣಿಕರು ತಮ್ಮದೇ ಉಪಕರಣ ಬಳಸಲು ಇದೇ ಸೂಕ್ತ ಮಾರ್ಗ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್.ಎ.ಎ. ನಿಗದಿಪಡಿಸಿದ ಮಾನದಂಡಕ್ಕೆ ಉಪಕರಣವು ಅನುಗುಣವಾಗಿದೆ ಎಂಬ ತಯಾರಕರ ಕೆಂಪು ಅಕ್ಷರದ ಲೇಬಲ್ ಇದೆಯೇ ಎಂದು ಖರೀದಿಗೆ ಅಥವಾ ಬಾಡಿಗೆಗೆ ಮುನ್ನ ಪರಿಶೀಲಿಸುವುದು ಒಳಿತು.

ಉ) ವಿಮಾನ ಸಂಸ್ಥೆಯೇ ಒದಗಿಸುವ ಆಮ್ಲಜನಕ: ಕೆಲವು ಸಂಸ್ಥೆಗಳು ಮುಂಚಿತ ಸೂಚನೆಯ ಮೇರೆಗೆ ಶುಲ್ಕ ಪಡೆದು ಒದಗಿಸುತ್ತವೆ, ಕೆಲವು ಒದಗಿಸುವುದಿಲ್ಲ. ಈ ಸೌಲಭ್ಯವು ವಿಮಾನದೊಳಗೆ ಮಾತ್ರ ಲಭ್ಯ. ನಿಲ್ದಾಣದಲ್ಲಿ ಕಾಯುವಾಗ ಹಾಗೂ ವಿಮಾನ ಬದಲಿಸುವಾಗ ಪ್ರಯಾಣಿಕರೇ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಗಮನಿಸಿ: ಅನೇಕ ಪಿ.ಒ.ಸಿ.ಗಳು ಉಸಿರನ್ನು ಒಳಗೆಳೆದುಕೊಂಡಾಗ ಮಾತ್ರ ಆಮ್ಲಜನಕ ಬಿಡುತ್ತವೆ. ಇವುಗಳ ಮೇಲಿನ ‘2’ ಎಂಬ ಗುರುತು ನಿಮಿಷಕ್ಕೆ 2 ಲೀಟರ್ ಎಂಬ ಅರ್ಥ ಕೊಡುವುದಿಲ್ಲ. ಬಾಯಿ ತೆರೆದು ನಿದ್ರಿಸುವವರಲ್ಲಿ ಯಂತ್ರವು ಉಸಿರನ್ನು ಗುರುತಿಸದೇ ಇರಬಹುದು. ಆದ್ದರಿಂದ ಅದೇ ಯಂತ್ರವನ್ನು ಧರಿಸಿ ಕುಳಿತಾಗ, ನಡೆದಾಗ ಮತ್ತು ನಿದ್ರಿಸಿದಾಗ ಮಟ್ಟ ಎಷ್ಟಿರುತ್ತದೆ ಎಂಬುದನ್ನು ವೈದ್ಯರ ಸಲಹೆಯಂತೆ ಮೊದಲೇ ಪರೀಕ್ಷಿಸಿಕೊಳ್ಳತಕ್ಕದ್ದು.

5. ಅನುಮತಿ ಪಡೆಯುವ ವಿಧಾನ

ಈ ಅನುಮತಿಯನ್ನು ಯಾವುದೇ ಸರ್ಕಾರಿ ಕಚೇರಿ ನೀಡುವುದಿಲ್ಲ. ಸಂಬಂಧಪಟ್ಟ ವಿಮಾನ ಸಂಸ್ಥೆಯೇ ನೀಡತಕ್ಕದ್ದು. ಕ್ರಮ ಈ ಕೆಳಕಂಡಂತಿದೆ:

ಹಂತ 1: ಹಣ ಪಾವತಿಸುವ ಮೊದಲು ಸಂಸ್ಥೆಯ ಸಹಾಯವಾಣಿಯನ್ನು ಸಂಪರ್ಕಿಸಿ, ಉಪಕರಣದ ತಯಾರಕರ ಹೆಸರು ಮತ್ತು ಮಾದರಿಯನ್ನು ತಿಳಿಸಿ, ಅದನ್ನು ಒಪ್ಪಲಾಗುವುದೇ ಎಂದು ವಿಚಾರಿಸುವುದು.

ಹಂತ 2: ಸಂಸ್ಥೆಯ ಜಾಲತಾಣದಿಂದ ಮೆಡಿಫ್ ಎಂಬ ವೈದ್ಯಕೀಯ ಮಾಹಿತಿ ನಮೂನೆಯನ್ನು ಪಡೆಯುವುದು. ಒಂದು ಭಾಗವನ್ನು ಪ್ರಯಾಣಿಕರು, ಇನ್ನೊಂದು ಭಾಗವನ್ನು ವೈದ್ಯರು ಭರ್ತಿ ಮಾಡಿ ಸಹಿ ಮತ್ತು ಮೊಹರು ಹಾಕತಕ್ಕದ್ದು. ರೋಗದ ಹೆಸರು, ಬೇಕಾದ ಆಮ್ಲಜನಕದ ಪ್ರಮಾಣ ಮತ್ತು ಅವಧಿ ಸ್ಪಷ್ಟವಾಗಿರಬೇಕು.

ಹಂತ 3: ಭರ್ತಿ ಮಾಡಿದ ನಮೂನೆಯನ್ನು ಸಂಸ್ಥೆಯು ನಿಗದಿಪಡಿಸಿದ ಅವಧಿಯೊಳಗೆ ಸಲ್ಲಿಸುವುದು. ಸಾಮಾನ್ಯವಾಗಿ ಇದು ಪ್ರಯಾಣಕ್ಕೆ 48ರಿಂದ 72 ಗಂಟೆಗಳ ಮುಂಚೆ ಇರುತ್ತದೆ. ಪ್ರಮಾಣಪತ್ರ ತೀರಾ ಹಳೆಯದಾಗಿದ್ದರೂ ತಿರಸ್ಕರಿಸಬಹುದಾದ್ದರಿಂದ ಅದರ ದಿನಾಂಕದ ಷರತ್ತನ್ನು ವಿಚಾರಿಸಿಕೊಳ್ಳುವುದು.

ಹಂತ 4: ಅನುಮತಿಯನ್ನು ಇ-ಮೇಲ್ ಮೂಲಕ ಪಡೆದು ಮುದ್ರಿಸಿಟ್ಟುಕೊಳ್ಳುವುದು. ದೂರವಾಣಿಯಲ್ಲಿ ‘ಆಗಬಹುದು’ ಎಂದು ಹೇಳಿದ್ದನ್ನು ನಿಲ್ದಾಣದ ಸಿಬ್ಬಂದಿಗೆ ತೋರಿಸಲು ಆಗುವುದಿಲ್ಲ.

ಹಂತ 5: ಎರಡು ಸಂಸ್ಥೆಗಳ ವಿಮಾನಗಳಿದ್ದಲ್ಲಿ ಎರಡರಿಂದಲೂ, ಮರುಪ್ರಯಾಣವಿದ್ದಲ್ಲಿ ಅದಕ್ಕೂ ಅನುಮತಿ ಪಡೆಯುವುದು. ಹೋಗುವಾಗ ದೊರೆತ ಅನುಮತಿ ಬರುವಾಗಲೂ ಅನ್ವಯಿಸುತ್ತದೆ ಎಂದು ಭಾವಿಸಬಾರದು.

6. ಬ್ಯಾಟರಿಯ ಲೆಕ್ಕ

ಹಾರಾಟದ ಅವಧಿಯ ಒಂದೂವರೆ ಪಟ್ಟು, ಅಂದರೆ ಶೇ. 150ರಷ್ಟು ಸಮಯಕ್ಕೆ ಸಾಕಾಗುವ ಬ್ಯಾಟರಿ ಇರಬೇಕೆಂದು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಕೋರುತ್ತವೆ. ಆದರೆ ರೋಗಿಯ ಅಗತ್ಯವು ವಿಮಾನದ ಬಾಗಿಲಿನಿಂದ ಆರಂಭವಾಗಿ ಅಲ್ಲಿಗೇ ಮುಗಿಯುವುದಿಲ್ಲ. ಆದ್ದರಿಂದ ಮನೆಯ ಬಾಗಿಲಿನಿಂದ ತಲುಪುವ ಸ್ಥಳದ ಬಾಗಿಲಿನವರೆಗೆ ಲೆಕ್ಕ ಹಾಕತಕ್ಕದ್ದು.

ಉದಾಹರಣೆ: ಒಬ್ಬ ಹಿರಿಯ ನಾಗರಿಕರು ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಮೂಲಕ ದೆಹಲಿಗೆ ಹೋಗಬೇಕಾಗಿದೆ ಎಂದು ಭಾವಿಸೋಣ. ಅವರ ಯಂತ್ರದ ಒಂದು ಬ್ಯಾಟರಿ ವೈದ್ಯರು ಸೂಚಿಸಿದ ಪ್ರಮಾಣದಲ್ಲಿ 3 ಗಂಟೆ ನಡೆಯುತ್ತದೆ.

ಮನೆಯಿಂದ ನಿಲ್ದಾಣಕ್ಕೆ: 1 ಗಂಟೆ
ನಿಲ್ದಾಣದಲ್ಲಿ ಕಾಯುವಿಕೆ: 2 ಗಂಟೆ
ಮೊದಲ ಹಾರಾಟ: 1 ಗಂಟೆ
ಬೆಂಗಳೂರಿನಲ್ಲಿ ಕಾಯುವಿಕೆ: 2 ಗಂಟೆ 30 ನಿಮಿಷ
ಎರಡನೇ ಹಾರಾಟ: 3 ಗಂಟೆ
ಹೊರಬರಲು 30 ನಿಮಿಷ ಹಾಗೂ ಕಾರಿನಲ್ಲಿ 1 ಗಂಟೆ: 1 ಗಂಟೆ 30 ನಿಮಿಷ
ಒಟ್ಟು: 11 ಗಂಟೆ
ಶೇ. 50ರಷ್ಟು ಮೀಸಲು ಸೇರಿಸಿ: 16 ಗಂಟೆ 30 ನಿಮಿಷ
ಬೇಕಾಗುವ ಬ್ಯಾಟರಿಗಳು: 6

ಇದೇ ಪ್ರಯಾಣಕ್ಕೆ ನೇರ ವಿಮಾನ ದೊರೆತಲ್ಲಿ ಒಟ್ಟು ಅವಧಿ 7 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಮೀಸಲು ಸೇರಿಸಿದರೆ 11 ಗಂಟೆ 15 ನಿಮಿಷ, ಅಂದರೆ 4 ಬ್ಯಾಟರಿ. ಎರಡೂ ಕಡೆಯ ಕಾರು ಪ್ರಯಾಣದ 2 ಗಂಟೆಗಳಲ್ಲಿ ಯಂತ್ರವನ್ನು ಕಾರಿನ ಚಾರ್ಜರಿನಿಂದ ನಡೆಸಿದಲ್ಲಿ 3 ಬ್ಯಾಟರಿ ಸಾಕಾಗುತ್ತವೆ. ನೇರ ವಿಮಾನದ ಟಿಕೆಟ್ ದರ ತುಸು ಹೆಚ್ಚಾದರೂ ಎರಡು ಬ್ಯಾಟರಿಗಳ ಖರ್ಚು ಮತ್ತು ಅಪಾಯ ಕಡಿಮೆಯಾಗುತ್ತದೆ ಎಂಬುದನ್ನು ಪರಿಗಣಿಸಬೇಕು.

ಬ್ಯಾಟರಿ ಒಯ್ಯುವ ನಿಯಮಗಳು:

ಅ) ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಚೆಕ್-ಇನ್ ಲಗೇಜಿನಲ್ಲಿ ಇಡಬಾರದು.

ಆ) 100 ವ್ಯಾಟ್-ಅವರ್ ಮೀರಿದ, 160 ವ್ಯಾಟ್-ಅವರ್ ಒಳಗಿನ ಬ್ಯಾಟರಿಗೆ ಸಂಸ್ಥೆಯ ಅನುಮತಿ ಬೇಕು. ಇಂತಹ ಹೆಚ್ಚುವರಿ ಬ್ಯಾಟರಿಗಳು ಎರಡನ್ನು ಮೀರಬಾರದು.

ಇ) ವ್ಯಾಟ್-ಅವರ್ ನಮೂದಾಗಿರದಿದ್ದಲ್ಲಿ ವೋಲ್ಟ್ ಮತ್ತು ಆಂಪಿಯರ್-ಅವರ್‌ಗಳನ್ನು ಗುಣಿಸಬೇಕು. ಉದಾಹರಣೆಗೆ 14.4 ವೋಲ್ಟ್, 6.8 ಆಂಪಿಯರ್-ಅವರ್ ಇದ್ದಲ್ಲಿ 97.92 ವ್ಯಾಟ್-ಅವರ್ ಆಗುತ್ತದೆ.

ಈ) ಪ್ರತಿ ಬ್ಯಾಟರಿಯ ಲೋಹದ ತುದಿಗಳು ಒಂದಕ್ಕೊಂದು ತಾಗದಂತೆ ಪ್ರತ್ಯೇಕ ಚೀಲದಲ್ಲಿಡಬೇಕು.

ಉ) ಆಸನದ ಬಳಿಯ ವಿದ್ಯುತ್ ಸಾಕೆಟ್ಟನ್ನು ನಂಬಿ ಪ್ರಯಾಣಿಸಬಾರದು. ಅದು ಎಲ್ಲ ವಿಮಾನಗಳಲ್ಲಿ ಇರುವುದಿಲ್ಲ, ಇದ್ದರೂ ನಡೆಯದಿರಬಹುದು.

7. ನಿಲ್ದಾಣದಲ್ಲಿ ಮತ್ತು ವಿಮಾನದೊಳಗೆ

ಅ) ಗಾಲಿಕುರ್ಚಿಯ ಸೇವೆಯನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೋರುವುದು. ಉದ್ದನೆಯ ನಡಿಗೆಯಲ್ಲಿ ಆಮ್ಲಜನಕದ ಅಗತ್ಯ ಹೆಚ್ಚಾಗುತ್ತದೆ.

ಆ) ಭದ್ರತಾ ತಪಾಸಣೆಯಲ್ಲಿ ಉಪಕರಣದ ಬಗ್ಗೆ ಮೊದಲೇ ತಿಳಿಸಿ ದಾಖಲೆಗಳನ್ನು ತೋರಿಸುವುದು. ನಳಿಕೆಯನ್ನು ಸ್ವಲ್ಪ ಹೊತ್ತೂ ತೆಗೆಯಲಾಗದವರು ಅದನ್ನು ಸಿಬ್ಬಂದಿಗೆ ಸ್ಪಷ್ಟವಾಗಿ ಹೇಳತಕ್ಕದ್ದು.

ಇ) ತುರ್ತು ನಿರ್ಗಮನ ಸಾಲಿನ ಆಸನ ದೊರೆಯುವುದಿಲ್ಲ. ಉಪಕರಣವನ್ನು ಮುಂದಿನ ಆಸನದ ಕೆಳಗೆ, ಗಾಳಿಯ ಕಿಂಡಿಗಳು ಮುಚ್ಚದಂತೆ, ಓಡಾಟಕ್ಕೆ ಅಡ್ಡಿಯಾಗದಂತೆ ಇಡಬೇಕು.

ಈ) ಮೂಗು ಒಣಗಿದಲ್ಲಿ ಪೆಟ್ರೋಲಿಯಂ ಜೆಲ್ಲಿಯಂತಹ ಎಣ್ಣೆಯಂಶದ ಮುಲಾಮನ್ನು ಹಚ್ಚಬಾರದು. ನೀರಿನಂಶದ ಮುಲಾಮನ್ನು ಬಳಸಬೇಕು.

ಉ) ಇನ್‌ಹೇಲರ್ ಮತ್ತು ದೈನಂದಿನ ಔಷಧಿಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು.

ಊ) ಉಪಕರಣವನ್ನು ನಡೆಸಲು, ಬ್ಯಾಟರಿ ಬದಲಿಸಲು ಮತ್ತು ಅದರ ಎಚ್ಚರಿಕೆಯ ಶಬ್ದವನ್ನು ಗುರುತಿಸಲು ತಿಳಿದಿರುವ ಒಬ್ಬರು ಜೊತೆಗಿರುವುದು ಅಪೇಕ್ಷಣೀಯ. ವಿಮಾನದ ಸಿಬ್ಬಂದಿ ಈ ಕೆಲಸ ಮಾಡುವರೆಂದು ನಿರೀಕ್ಷಿಸಬಾರದು.

8. ತಲುಪುವ ಸ್ಥಳದ ಎತ್ತರ

ಪ್ರಯಾಣಿಕರು ತಲುಪುವ ಊರಿನ ಎತ್ತರವನ್ನೂ ವೈದ್ಯರಿಗೆ ತಿಳಿಸತಕ್ಕದ್ದು. ಕರಾವಳಿಯಲ್ಲಿ ವಾಸಿಸುವವರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗಲೇ ಆಮ್ಲಜನಕದ ಮಟ್ಟದಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ಲೇಹ್ ವಿಮಾನ ನಿಲ್ದಾಣವು 3,200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಂದರೆ ಅಲ್ಲಿ ವಿಮಾನದಿಂದ ಇಳಿದ ನಂತರದ ಗಾಳಿ ವಿಮಾನದೊಳಗಿನ ಗಾಳಿಗಿಂತಲೂ ವಿರಳ. ಅಲ್ಲದೆ ತಲುಪುವ ಸ್ಥಳದಲ್ಲಿ ರಾತ್ರಿಗೆ ಬೇಕಾಗುವ ಕಾನ್ಸಂಟ್ರೇಟರ್ ಅಥವಾ ಸಿಲಿಂಡರನ್ನು ಹೊರಡುವ ಮುನ್ನವೇ ಬಾಡಿಗೆಗೆ ಗೊತ್ತುಪಡಿಸಿಕೊಳ್ಳುವುದು ಅಗತ್ಯ.

9. ವಿದೇಶ ಪ್ರಯಾಣ

ಮಕ್ಕಳನ್ನು ಕಾಣಲು ಅಮೆರಿಕಕ್ಕೆ ತೆರಳುವ ಹಿರಿಯರ ಗಮನಕ್ಕೆ: ಆ ದೇಶಕ್ಕೆ ಬರುವ ಮತ್ತು ಅಲ್ಲಿಂದ ಹೊರಡುವ ವಿಮಾನಗಳಲ್ಲಿ, ಮಾನದಂಡಕ್ಕೆ ಅನುಗುಣವಾದ ಪಿ.ಒ.ಸಿ. ಬಳಕೆಗೆ ನಿಗದಿತ ಷರತ್ತುಗಳಿಗೆ ಒಳಪಟ್ಟು ಅವಕಾಶ ನೀಡಬೇಕೆಂಬ ನಿಯಮವು 2009ರಿಂದ ಜಾರಿಯಲ್ಲಿದೆ. ಪ್ರಯಾಣಿಕರ ಸ್ವಂತ ಆಮ್ಲಜನಕದ ಸಿಲಿಂಡರಿಗೆ ಅಲ್ಲಿ ಅವಕಾಶವಿಲ್ಲ. ಮಾರ್ಗಮಧ್ಯದ ದೇಶದಲ್ಲಿ ವಿಮಾನ ಬದಲಿಸುವಾಗ ಬೇಕಾಗುವ ಆಮ್ಲಜನಕ, ಅಲ್ಲಿನ ವಿದ್ಯುತ್ ಪ್ಲಗ್ಗಿನ ಮಾದರಿ ಹಾಗೂ ಪ್ರಯಾಣ ವಿಮೆಯು ಈಗಾಗಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಬೇಕು.

10. ಪ್ರಯಾಣಕ್ಕೆ ಅವಕಾಶ ನಿರಾಕರಿಸಿದಲ್ಲಿ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಕಲಚೇತನರು ಹಾಗೂ ಚಲನವಲನದ ತೊಂದರೆಯುಳ್ಳವರ ವಿಮಾನ ಪ್ರಯಾಣದ ನಿಯಮಗಳನ್ನು 2022ರ ಜುಲೈನಲ್ಲಿ ತಿದ್ದುಪಡಿ ಮಾಡಿದೆ. ಅದರಂತೆ ಅಂಗವೈಕಲ್ಯದ ಕಾರಣದಿಂದ ಪ್ರಯಾಣವನ್ನು ನಿರಾಕರಿಸತಕ್ಕದ್ದಲ್ಲ. ಹಾರಾಟದ ವೇಳೆ ಅಂತಹ ಪ್ರಯಾಣಿಕರ ಆರೋಗ್ಯ ಹದಗೆಡಬಹುದೆಂದು ಸಂಸ್ಥೆಗೆ ಕಂಡುಬಂದಲ್ಲಿ ವೈದ್ಯರಿಂದ ಖುದ್ದಾಗಿ ಪರೀಕ್ಷೆ ಮಾಡಿಸಿ, ಅವರ ಅಭಿಪ್ರಾಯ ಪಡೆದ ನಂತರವೇ ತೀರ್ಮಾನ ಕೈಗೊಳ್ಳಬೇಕು. ಆದರೆ ಆಮ್ಲಜನಕದಂತಹ ವಿಶೇಷ ಉಪಕರಣ ಬೇಕಾದವರಿಂದ ವೈದ್ಯಕೀಯ ದಾಖಲೆ ಕೇಳಲು ಸಂಸ್ಥೆಗೆ ಅವಕಾಶವಿದೆ.

ಅವಕಾಶ ನಿರಾಕರಿಸಲಾದ ಪ್ರಯಾಣಿಕರು ಕಾರಣವನ್ನು ಲಿಖಿತವಾಗಿ ಕೋರಿ, ಮೊದಲು ವಿಮಾನ ಸಂಸ್ಥೆಯ ನೋಡಲ್ ಅಧಿಕಾರಿಗೆ ದೂರು ಸಲ್ಲಿಸತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ಜಾಲತಾಣದ ಮೂಲಕ ದೂರು ದಾಖಲಿಸಬಹುದು. ಅನುಮತಿಯ ಪ್ರತಿ, ಮೆಡಿಫ್ ನಮೂನೆ ಮತ್ತು ಟಿಕೆಟ್ಟನ್ನು ದೂರಿಗೆ ಲಗತ್ತಿಸುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಟಿಕೆಟಿನಲ್ಲಿ ಗಾಲಿಕುರ್ಚಿ ಎಂದು ನಮೂದಿಸಲಾಗಿದೆ. ಆಮ್ಲಜನಕದ ಬಗ್ಗೆ ಪ್ರತ್ಯೇಕವಾಗಿ ತಿಳಿಸಬೇಕೇ?
ಉತ್ತರ: ಹೌದು. ಎರಡೂ ಬೇರೆ ಬೇರೆ ಸೇವೆಗಳು. ಗಾಲಿಕುರ್ಚಿಯ ಕೋರಿಕೆಯು ಆಮ್ಲಜನಕದ ಅನುಮತಿಯಾಗುವುದಿಲ್ಲ.

ಪ್ರಶ್ನೆ: ಆಸನದ ಮೇಲಿನಿಂದ ಇಳಿಯುವ ಮುಖಗವಸನ್ನು ರೋಗಿಗೆ ಬಳಸಬಹುದೇ?
ಉತ್ತರ: ಇಲ್ಲ. ಅದು ವಿಮಾನದ ಒಳ ಒತ್ತಡ ಕುಸಿದಾಗಿನ ತುರ್ತು ವ್ಯವಸ್ಥೆ ಮಾತ್ರ. ವಿಮಾನವು ಕೆಳಮಟ್ಟಕ್ಕೆ ಇಳಿಯುವವರೆಗಿನ ಕೆಲವು ನಿಮಿಷಗಳಿಗಾಗಿ ಅದನ್ನು ರೂಪಿಸಲಾಗಿದೆ.

ಪ್ರಶ್ನೆ: ಹಾರಾಟ ಕೇವಲ ಒಂದು ಗಂಟೆ. ಆಮ್ಲಜನಕವಿಲ್ಲದೆ ಹೋಗಬಹುದೇ?
ಉತ್ತರ: ಇದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ವಿಮಾನ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಒಳಗಿನ ಒತ್ತಡ ಇಳಿಯುತ್ತದೆ. ಇಳಿಯಲು ಅವಕಾಶ ದೊರೆಯದೆ ವಿಮಾನ ಸುತ್ತುವ ಸಂದರ್ಭವೂ ಬರಬಹುದು.

ಪ್ರಶ್ನೆ: ತಿಳಿಸಿದರೆ ಪ್ರಯಾಣ ನಿರಾಕರಿಸಬಹುದೆಂಬ ಭಯದಿಂದ ಕಾಯಿಲೆಯನ್ನು ಮರೆಮಾಚಬಹುದೇ?
ಉತ್ತರ: ಖಂಡಿತ ಕೂಡದು. ಆಕಾಶದಲ್ಲಿ ಉಸಿರಾಟದ ತೊಂದರೆ ಉಂಟಾದಲ್ಲಿ ಆಸ್ಪತ್ರೆ ತಲುಪಲು ಬಹಳ ಸಮಯ ಹಿಡಿಯಬಹುದು. ಮುಂಚಿತವಾಗಿ ತಿಳಿಸಿದಲ್ಲಿ ಸಿದ್ಧತೆ ಸಾಧ್ಯವಾಗುತ್ತದೆ.

12. ಹೊರಡುವ ಮುನ್ನ ಪರಿಶೀಲನಾ ಪಟ್ಟಿ

1) ವೈದ್ಯರ ಪ್ರಮಾಣಪತ್ರ ಮತ್ತು ಮೆಡಿಫ್ ನಮೂನೆ, ತಲಾ ಎರಡು ಪ್ರತಿ
2) ವಿಮಾನ ಸಂಸ್ಥೆಯ ಲಿಖಿತ ಅನುಮತಿ, ಹೋಗಲು ಮತ್ತು ಬರಲು
3) ಉಪಕರಣದ ಮಾದರಿ ಸಂಖ್ಯೆ ಮತ್ತು ಲೇಬಲ್
4) ಪೂರ್ಣ ಚಾರ್ಜ್ ಆದ ಬ್ಯಾಟರಿಗಳು, ಚಾರ್ಜರ್, ಕಾರಿನ ಚಾರ್ಜರ್
5) ಹೆಚ್ಚುವರಿ ಮೂಗಿನ ನಳಿಕೆ
6) ಪಲ್ಸ್ ಆಕ್ಸಿಮೀಟರ್
7) ತಲುಪುವ ಸ್ಥಳದ ಬಾಡಿಗೆದಾರರ ಹಾಗೂ ಸಮೀಪದ ಆಸ್ಪತ್ರೆಯ ದೂರವಾಣಿ ಸಂಖ್ಯೆ

ಹೊರಡುವ ದಿನ ಜ್ವರ, ಹೆಚ್ಚಿದ ಕೆಮ್ಮು ಅಥವಾ ಎಂದಿಗಿಂತ ಹೆಚ್ಚಿನ ಏದುಸಿರು ಕಂಡುಬಂದಲ್ಲಿ, ಎಲ್ಲ ಅನುಮತಿಗಳಿದ್ದರೂ ವೈದ್ಯರನ್ನು ಕಾಣದೆ ಪ್ರಯಾಣ ಆರಂಭಿಸಬಾರದು.

ಈ ಪುಟದಲ್ಲಿನ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇವು ವೈದ್ಯರ ಸಲಹೆಗೆ ಪರ್ಯಾಯವಲ್ಲ. ವಿಮಾನ ಸಂಸ್ಥೆಗಳ ಷರತ್ತುಗಳು ಒಂದರಿಂದ ಒಂದಕ್ಕೆ ಭಿನ್ನವಾಗಿದ್ದು, ಪ್ರತಿ ಪ್ರಯಾಣಕ್ಕೂ ಮುನ್ನ ಅವುಗಳನ್ನು ಹೊಸದಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.